ಫ್ಯೂಚುರಾ 2000: ಬದುಕು, ಓಡಾಟ, ಜೊತೆಗಾರರು. ಬನ್ನಿ, ಮಾತಾಡೋಣ

ಬಣ್ಣದಮೋಡ:

ಒಂದು ಫೋಟೋ ನನ್ನನ್ನು ಎಷ್ಟೋ ವರ್ಷಗಳಿಂದ ಬಿಟ್ಟಿಲ್ಲ. 1980ರಲ್ಲಿ ಮಾರ್ಥಾ ಕೂಪರ್ ತೆಗೆದದ್ದು. ನ್ಯೂಯಾರ್ಕ್ ಸಬ್‌ವೇ ರೈಲಿನ ಒಂದು ಬೋಗಿ. ಮೇಲಿಂದ ಕೆಳಗಿನವರೆಗೆ ಬಣ್ಣ. ಒಂದು ಕಡೆ ‘ಬ್ರೇಕ್’ ಅನ್ನುವ ಪದ ಇದೆ, ಅಷ್ಟೇ. ಉಳಿದದ್ದೆಲ್ಲ ಕೆಂಪು, ಕಿತ್ತಳೆ, ಗುಲಾಬಿ ಕಲೆತ ಮೋಡ. ಅದರೊಳಗೆ ಅಲ್ಲಲ್ಲಿ ಚೂಪಾದ ಆಕಾರಗಳು.

ಆಗಿನ ರೈಲುಗಳ ಮೇಲೆ ಹೆಸರೇ ದೇವರು. ಯಾರ ಅಕ್ಷರ ದೊಡ್ಡದು, ಯಾರದ್ದು ಜಾಸ್ತಿ ತಿರುಚಿಕೊಂಡಿದೆ, ಯಾರ ಹೆಸರು ಎಷ್ಟು ಬೋಗಿಗಳ ಮೇಲಿದೆ ಅನ್ನುವುದರ ಮೇಲೆ ಮರ್ಯಾದೆ. ಅಂಥ ಹೊತ್ತಲ್ಲಿ ಒಬ್ಬ ಮನುಷ್ಯ ಇಡೀ ಬೋಗಿ ಹಿಡಿದು, ತನ್ನ ಹೆಸರನ್ನು ದೊಡ್ಡದಾಗಿ ಬರೆಯದೆ, ಬರೀ ಬಣ್ಣಕ್ಕೆ ಜಾಗ ಬಿಟ್ಟುಕೊಟ್ಟ. ಅವರೇ ಗ್ರಾಫಿಟಿ ಕಲಾವಿದ ಫ್ಯೂಚುರಾ 2000. ಗ್ರಾಫಿಟಿ ಅಂದರೆ ಹೀಗೆ ಗೋಡೆ, ರೈಲುಗಳ ಮೇಲೆ ಬರೆಯುವುದು; ಬರೆಯುವವರಿಗೆ ರೈಟರ್ ಅನ್ನುತ್ತಾರೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟುಹೆಸರು ಲೆನರ್ಡ್ ಮೆಕ್‌ಗರ್. 1955ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿ ಮ್ಯಾನ್‌ಹ್ಯಾಟನ್‌ನಲ್ಲೇ ಬೆಳೆದವರು. ಹದಿಹರೆಯದಲ್ಲಿ ಅವರಿಗೆ ಒಂದು ವಿಷಯ ಗೊತ್ತಾಯಿತು: ತಾನು ದತ್ತು ಮಗು. ಇದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಆ ವಯಸ್ಸಿನಲ್ಲಿ ನೀನು ಅಂದುಕೊಂಡಿದ್ದು ನೀನಲ್ಲ ಅಂತ ತಿಳಿದರೆ ಹೇಗಿರುತ್ತದೆ, ಯೋಚಿಸಿ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಊರ ಗೋಡೆಗಳ ಮೇಲೆಲ್ಲ ಹುಡುಗರು ತಾವೇ ಇಟ್ಟುಕೊಂಡ ಹೆಸರು ಬರೆಯುತ್ತಿದ್ದರು. ಇವರೂ ಒಂದು ಹೆಸರು ಕಟ್ಟಿಕೊಂಡರು. ಯಾರೋ ಇಟ್ಟ ಹೆಸರಲ್ಲ, ತಾವೇ ಆರಿಸಿಕೊಂಡದ್ದು. ಫ್ಯೂಚುರಾ ಅನ್ನುವುದು ಒಂದು ಅಚ್ಚಿನ ಅಕ್ಷರಶೈಲಿಯ ಹೆಸರೂ ಹೌದು. 2000 ಅನ್ನುವುದು ಆಗ ತುಂಬಾ ದೂರದಲ್ಲಿದ್ದ ಒಂದು ವರ್ಷ.

ಆಮೇಲಿನ ದಾರಿ ಉದ್ದ. ನೌಕಾಪಡೆ, ರಾಕ್ ಬ್ಯಾಂಡ್ ಜೊತೆ ಯುರೋಪ್, ಗ್ಯಾಲರಿ, ಸೈಕಲ್ ಮೇಲೆ ಕಾಗದಪತ್ರ ಹಂಚುವ ಕೆಲಸ, ಜಪಾನ್, ಆಟಿಕೆ, ಶೂ, ಕಾರು, ಮ್ಯೂಸಿಯಂ. ಹಲವರು ಇದನ್ನು ಎರಡು ತುಂಡು ಮಾಡಿ ನೋಡುತ್ತಾರೆ. ಮೊದಲು ರೈಲಿನ ಫ್ಯೂಚುರಾ, ಆಮೇಲೆ ಕಂಪನಿಗಳ ಜೊತೆಗಿನ ಫ್ಯೂಚುರಾ. ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲ ದಿನದಿಂದಲೂ ಈ ಮನುಷ್ಯ ಇನ್ನೊಬ್ಬರ ಪಕ್ಕ ನಿಂತೇ ಬಣ್ಣ ಹಚ್ಚಿದವರು. ನೀವೇನಂತೀರಿ?

ರೈಲುಹಳಿ:

ಒಳ್ಳೆ ವಿಷಯ ಎತ್ತಿದಿರಿ. ನೌಕಾಪಡೆಗೆ ಯಾಕೆ ಹೋದರು ಅನ್ನುವುದನ್ನು ಬಿಟ್ಟಿದ್ದೀರಿ, ಅದು ಮುಖ್ಯ.

1973ರಲ್ಲಿ ಅವರು ಮತ್ತು ಅವರ ಗೆಳೆಯ ಆಲಿ ಬ್ರಾಡ್‌ವೇ ಕೆಳಗಿನ ಸುರಂಗದಲ್ಲಿ ನಿಂತ ರೈಲಿಗೆ ಬಣ್ಣ ಹಚ್ಚುತ್ತಿದ್ದರು. ಸುರಂಗ ಅಂದರೆ ಗಾಳಿಯಾಡದ ಜಾಗ. ಸ್ಪ್ರೇ ಡಬ್ಬಿಯಿಂದ ಬರುವುದು ಬರೀ ಬಣ್ಣ ಅಲ್ಲ, ಬೇಗ ಹತ್ತಿಕೊಳ್ಳುವ ಆವಿ ಕೂಡ. ಪಕ್ಕದಲ್ಲೇ ಕರೆಂಟ್ ಹರಿಯುವ ಹಳಿ. ಒಂದು ಕಿಡಿ ಸಾಕಾಯಿತು. ಆಲಿ ಮೈ ತುಂಬಾ ಸುಟ್ಟುಕೊಂಡರು. ಜೀವ ಉಳಿಯಿತು, ಆದರೆ ತಿಂಗಳುಗಟ್ಟಲೆ ನರಳಿದರು. ಫ್ಯೂಚುರಾಗೆ ದೊಡ್ಡ ಗಾಯ ಆಗಲಿಲ್ಲ. ಆ ಭಾರ ಹೊತ್ತುಕೊಂಡು ಡಬ್ಬಿ ಕೆಳಗಿಟ್ಟರು, ಊರು ಬಿಟ್ಟರು, ಅಮೆರಿಕದ ನೌಕಾಪಡೆ ಸೇರಿದರು. ನಾಲ್ಕು ವರ್ಷ ಸಮುದ್ರ.

ಮುಂದಿನದ್ದು ನನಗೆ ಇನ್ನೂ ಇಷ್ಟ. 1970ರ ದಶಕದ ಕೊನೆಗೆ ಅವರು ವಾಪಸ್ ಬಂದಾಗ ಆಲಿ ತಮ್ಮ ಹಳೆಯ ಗುಂಪು ‘ಸೋಲ್ ಆರ್ಟಿಸ್ಟ್ಸ್’ ಅನ್ನು ಮತ್ತೆ ಕಟ್ಟುತ್ತಿದ್ದರು. ಸುಟ್ಟ ಗೆಳೆಯನೇ ಕರೆದು ಕೂರಿಸಿದ. ‘ಬ್ರೇಕ್’ ಬೋಗಿ ಬಂದದ್ದು ಅದಾದ ಮೇಲೆ. ಮಧ್ಯದ ಆ ಏಳು ವರ್ಷ ಗೊತ್ತಿಲ್ಲದೆ ಆ ಬೋಗಿಯನ್ನು ಸುಮ್ನೆ ಚೆಂದದ ಚಿತ್ರ ಅಂತ ನೋಡಬಹುದು. ಗೊತ್ತಾದ ಮೇಲೆ ಆ ಕೆಂಪು ಕಿತ್ತಳೆ ಮೋಡ ಬೇರೆ ಥರ ಕಾಣುತ್ತದೆ. ಬೆಂಕಿ ಅಂತಲೇ ಬರೆದರು ಅಂತ ನಾನು ಹೇಳುತ್ತಿಲ್ಲ. ನನ್ನ ಕಣ್ಣಿಗೆ ಹಾಗೆ ಕಾಣುತ್ತದೆ, ಅಷ್ಟೇ.

ಕಪ್ಪುಶಾಯಿ:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ. ಆದರೂ ನನಗೊಂದು ತಕರಾರಿದೆ, ಸಿಟ್ಟಿಲ್ಲದೆ ಹೇಳುತ್ತೇನೆ.

ರೈಲಿನ ಮೇಲೆ ಬರೆಯುವುದರ ಅರ್ಥ ಏನಿತ್ತು? ಯಾರೂ ಕೇಳಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ, ಯಾರೂ ಮಾರಲಿಲ್ಲ. ಬಡ ಬೀದಿಯ ಹುಡುಗನ ಹೆಸರು ಊರೆಲ್ಲ ಸುತ್ತುತ್ತಿತ್ತು. ಟಿಕೆಟ್ ತೆಗೆದವರೆಲ್ಲ ನೋಡುತ್ತಿದ್ದರು. ಅದೇ ಕೈ ಆಮೇಲೆ 500 ಕಾರುಗಳ ಸೀಮಿತ ಆವೃತ್ತಿಗೆ ವಿನ್ಯಾಸ ಮಾಡಿತು. 2020ರ ಬಿಎಂಡಬ್ಲ್ಯೂ ಎಂ2, ನೆನಪಿದೆಯಲ್ವಾ? ಆ ಕಾರನ್ನು ಎಷ್ಟು ಜನ ಕೊಂಡುಕೊಳ್ಳಬಲ್ಲರು? ಜೊತೆ ಕೆಲಸ ಅಂತ ನೀವು ಕರೆಯುವುದರಲ್ಲಿ ಎರಡು ಜಾತಿ ಇದೆ ಅಂತ ನನ್ನ ಅನಿಸಿಕೆ. ಆಲಿ ಜೊತೆ ಸುರಂಗದಲ್ಲಿ ನಿಲ್ಲುವುದು ಒಂದು. ಕಂಪನಿ ಜೊತೆ ಕರಾರಿಗೆ ಸಹಿ ಹಾಕುವುದು ಇನ್ನೊಂದು. ಎರಡನ್ನೂ ಒಂದೇ ಪದದಲ್ಲಿ ಹೇಳಿದರೆ ಮೊದಲನೆಯದಕ್ಕೆ ಅನ್ಯಾಯ ಆಗುತ್ತದೆ.

ಸೂಜಿಗೆರೆ:

ನಾನು ಈ ಜಗಳಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೈಯ ಮಾತು. ಫ್ಯೂಚುರಾ ಬಗ್ಗೆ ಮಾತಾಡುವಾಗ ಅವರ ಗೆರೆಯ ಬಗ್ಗೆ ಮಾತಾಡದಿದ್ದರೆ ಅರ್ಧ ಬಿಟ್ಟ ಹಾಗೆ.

ಸ್ಪ್ರೇ ಡಬ್ಬಿ ದಪ್ಪ ಗೆರೆಗೆ ಹುಟ್ಟಿದ್ದು. ಅಂಚು ಮಸುಕು. ನಿಧಾನ ಮಾಡಿದರೆ ಸೋರುತ್ತದೆ. ಇವರು ಅದೇ ಡಬ್ಬಿಯಿಂದ ಏರ್‌ಬ್ರಶ್‌ನಲ್ಲಿ ಎಳೆದಷ್ಟು ತೆಳ್ಳಗಿನ ಗೆರೆ ತೆಗೆದರು. ಒಂದು ಉಪಾಯ ಡಬ್ಬಿಯನ್ನು ತಲೆಕೆಳಗೆ ಹಿಡಿಯುವುದು. ಡಬ್ಬಿಯೊಳಗೆ ಒಂದು ಕೊಳವೆ ತಳದವರೆಗೆ ಇಳಿದಿರುತ್ತದೆ, ಅದು ಬಣ್ಣವನ್ನು ಹೀರಿ ಮೇಲಕ್ಕೆ ತರುತ್ತದೆ. ಡಬ್ಬಿ ಮಗುಚಿದರೆ ಬಣ್ಣ ಮುಚ್ಚಳದ ಕಡೆಗೆ ಇಳಿಯುತ್ತದೆ, ಕೊಳವೆಯ ಬಾಯಿ ಗಾಳಿಯಲ್ಲಿ ಉಳಿಯುತ್ತದೆ. ಆಗ ಹೊರಗೆ ಬರುವುದು ಬಹುಪಾಲು ಗ್ಯಾಸ್. ಜೊತೆಗೆ ಕೊಳವೆಯಲ್ಲಿ ಉಳಿದ ಚೂರು ಬಣ್ಣ.

ನಾನು ಇದನ್ನು ಒಂದು ಹಳೆ ಹಲಗೆ ಮೇಲೆ ಮಾಡಿ ನೋಡಿದೆ. ಮೊದಲು ಗೆರೆ ಸರಿಯಾಗೇ ಬರುತ್ತದೆ. ಒಂದೆರಡು ಕ್ಷಣ ಆದ ಮೇಲೆ ಸದ್ದು ಬದಲಾಗುತ್ತದೆ. ‘ಷ್’ ಅಂತಿದ್ದದ್ದು ‘ಸ್‌ಸ್’ ಅಂತ ತೆಳುವಾಗುತ್ತದೆ. ಬೆರಳ ತುದಿ ತಣ್ಣಗಾಗುತ್ತದೆ. ಗೆರೆ ಬಡಕಲಾಗುತ್ತಾ ಬಂದು, ಪುಡಿ ಪುಡಿಯಾಗಿ ನಿಂತೇ ಹೋಗುತ್ತದೆ. ಆ ಬಡಕಲು ಗೆರೆ ಬೇಕಾದ ಹೊತ್ತಿಗೆ ಕೈ ಸರಿಯಾದ ಜಾಗದಲ್ಲಿರಬೇಕು, ಮೇಲ್ಮೈಗೆ ತೀರಾ ಹತ್ತಿರ ಇರಬೇಕು, ಮತ್ತು ನಿಲ್ಲದೆ ಓಡುತ್ತಿರಬೇಕು. ಹತ್ತು ಸಲದಲ್ಲಿ ಒಂಬತ್ತು ಸಲ ನನಗೆ ಸಿಕ್ಕಿದ್ದು ಚುಕ್ಕೆಗಳ ಸಾಲು. ಫ್ಯೂಚುರಾ ಇದರಲ್ಲಿ ವೃತ್ತ ಬಿಡಿಸುತ್ತಾರೆ. ಪರಮಾಣುವಿನ ಸುತ್ತ ಸುತ್ತುವ ಉಂಗುರಗಳ ಹಾಗೆ, ಒಂದೇ ಎಳೆತಕ್ಕೆ.

ಇನ್ನೊಂದು ಮಾತು. ಆ ಕಾಲದಲ್ಲಿ ಈ ಕೆಲಸಕ್ಕೆಂದೇ ಮಾಡಿದ ಬಣ್ಣ ಇರಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಡಬ್ಬಿಗಳೇ. ದಪ್ಪ ಗೆರೆ ಬೇಕಾದರೆ ಮನೆ ಸ್ವಚ್ಛ ಮಾಡುವ ಸ್ಪ್ರೇಗಳ ಮೂತಿ ಕಿತ್ತು ಬಣ್ಣದ ಡಬ್ಬಿಗೆ ಸಿಕ್ಕಿಸುತ್ತಿದ್ದರು. ಗ್ರಾಫಿಟಿಯವರಿಗಾಗಿಯೇ ಬಣ್ಣ ತಯಾರಿಸುವ ಮೊಂಟಾನಾ ಕಲರ್ಸ್ ಬಾರ್ಸಿಲೋನಾದಲ್ಲಿ ಶುರುವಾದದ್ದು 1994ರಲ್ಲಿ. ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ‘ಬ್ರೇಕ್’ ಓಡಾಡಿಯಾಗಿತ್ತು.

ಹಾಡಿನಹೊದಿಕೆ:

ನಾನು ಫ್ಯೂಚುರಾ ಅವರನ್ನು ಕಂಡುಕೊಂಡದ್ದು ರೈಲಿನಿಂದಲ್ಲ, ರೆಕಾರ್ಡ್‌ನಿಂದ. ಆ ಕಡೆಯ ಕಥೆ ನಾನು ಹೇಳುತ್ತೇನೆ.

1981ರಲ್ಲಿ ಇಂಗ್ಲೆಂಡಿನ ಪಂಕ್ ಬ್ಯಾಂಡ್ ‘ದ ಕ್ಲ್ಯಾಶ್’ ನ್ಯೂಯಾರ್ಕ್‌ಗೆ ಬಂತು. ಟೈಮ್ಸ್ ಸ್ಕ್ವೇರ್‌ನ ಬಾಂಡ್ಸ್ ಅನ್ನುವ ಕ್ಲಬ್‌ನಲ್ಲಿ ಸಾಲು ಸಾಲು ಕಾರ್ಯಕ್ರಮ. ಅವರಿಗೂ ಫ್ಯೂಚುರಾಗೂ ಅಲ್ಲೇ ನಂಟು ಬೆಳೆಯಿತು. ಅದೇ ವರ್ಷ ಬ್ಯಾಂಡ್ ಯುರೋಪ್ ಸುತ್ತಾಟಕ್ಕೆ ಅವರನ್ನೂ ಕರೆದುಕೊಂಡು ಹೋಯಿತು. ಕೆಲಸ ಏನು ಗೊತ್ತಾ? ಬ್ಯಾಂಡ್ ಹಾಡುತ್ತಿರುವಾಗ ಹಿಂದೆ ನಿಂತು, ಜನರ ಕಣ್ಣೆದುರೇ ದೊಡ್ಡ ಪರದೆಗೆ ಸ್ಪ್ರೇ ಮಾಡುವುದು. ಪ್ಯಾರಿಸ್‌ನ ಮೊಗಡೋರ್ ಥಿಯೇಟರ್‌ನಲ್ಲೂ ಹೀಗೇ ನಡೆಯಿತು.

ಸುರಂಗದ ಕತ್ತಲಲ್ಲಿ ಯಾರೂ ನೋಡಬಾರದು ಅಂತ ಬಚ್ಚಿಟ್ಟುಕೊಂಡು ಬರೆದವರು, ದೀಪದ ಕೆಳಗೆ ಸಾವಿರಾರು ಜನರೆದುರು ನಿಂತು ಬರೆದರು. ಬಣ್ಣ ಒಣಗುವಷ್ಟರಲ್ಲಿ ಹಾಡು ಮುಗಿಯುತ್ತದೆ. ತಿದ್ದಲು ಸಮಯವಿಲ್ಲ. ರೈಲು ನಿಲ್ಲಿಸುವ ಯಾರ್ಡ್‌ನಲ್ಲಿ ಪೊಲೀಸ್ ಬರುವ ಮುಂಚೆ ಮುಗಿಸಬೇಕು ಅನ್ನುವ ಅಭ್ಯಾಸ ಇಲ್ಲಿ ಕೈ ಹಿಡಿದಿರಬೇಕು.

ಆ ವರ್ಷದ ಬ್ಯಾಂಡ್‌ನ ಒಂಟಿ ಹಾಡಿನ ರೆಕಾರ್ಡ್ ‘ದಿಸ್ ಈಸ್ ರೇಡಿಯೋ ಕ್ಲ್ಯಾಶ್’ ಹೊದಿಕೆಯ ಬರಹ ಇವರದ್ದೇ. 1982ರ ‘ಕಾಂಬ್ಯಾಟ್ ರಾಕ್’ ಆಲ್ಬಮ್ ಜೊತೆ ಬಂದ ಹಾಡಿನ ಹಾಳೆಯನ್ನು ಕೈಯಲ್ಲಿ ಬರೆದುಕೊಟ್ಟವರೂ ಇವರೇ. ಅಷ್ಟೇ ಅಲ್ಲ, ಅದರ ಒಂದು ಹಾಡಿನಲ್ಲಿ ಇವರ ದನಿಯೂ ಇದೆ. ಬ್ಯಾಂಡ್‌ನವರ ಜೊತೆ ಸೇರಿ ತಮ್ಮ ಹೆಸರಿನ ಒಂದು ರಾಪ್ ರೆಕಾರ್ಡ್ ಕೂಡ ಮಾಡಿದರು.

1982ರ ಕೊನೆಗೆ ಇನ್ನೊಂದು ಯುರೋಪ್ ಪ್ರವಾಸ: ನ್ಯೂಯಾರ್ಕ್ ಸಿಟಿ ರಾಪ್ ಟೂರ್. ಆಫ್ರಿಕಾ ಬಂಬಾಟಾ, ಫ್ಯಾಬ್ 5 ಫ್ರೆಡಿ, ರಾಮೆಲ್‌ಜೀ, ಕುಣಿಯುವ ರಾಕ್ ಸ್ಟೆಡಿ ಕ್ರೂ ಹುಡುಗರು, ಹಗ್ಗ ಜಿಗಿಯುವ ಹುಡುಗಿಯರು, ಮತ್ತು ಡಬ್ಬಿ ಹಿಡಿದ ಡಾಂಡಿ, ಫೇಸ್ 2, ಫ್ಯೂಚುರಾ. ಹಾಡು, ಕುಣಿತ, ಬಣ್ಣ ಎಲ್ಲ ಒಂದೇ ಬಸ್ಸಲ್ಲಿ. ಫ್ರಾನ್ಸ್‌ನಲ್ಲಿ ಹಿಪ್‌ಹಾಪ್ ಬೇರು ಬಿಟ್ಟದ್ದರಲ್ಲಿ ಆ ಪ್ರವಾಸದ ಪಾಲು ದೊಡ್ಡದು.

ಬಣ್ಣದಮೋಡ:

ಸೂಜಿಗೆರೆ ಅವರೇ, ಆ ಸದ್ದು ಬದಲಾಗುವುದನ್ನು ಬರೆದಿರಲ್ಲ, ಓದುತ್ತಾ ನನ್ನ ಬೆರಳೂ ತಣ್ಣಗಾಯಿತು. ಹಾಡಿನಹೊದಿಕೆ ಅವರೇ, ಧನ್ಯವಾದ. ಹಾಡಿನ ಹಾಳೆಯ ವಿಷಯ ನನಗೆ ಹೊಸದು.

ಕಪ್ಪುಶಾಯಿ ಅವರೇ, ನಿಮ್ಮ ಮಾತಿಗೆ ನೇರವಾಗಿ ಬರುತ್ತೇನೆ. ನೀವು ಹೇಳದೆ ಬಿಟ್ಟ ಒಂದು ಕಾಲ ಇದೆ.

1980ರಲ್ಲಿ ಸ್ಯಾಮ್ ಎಸ್ಸೆಸ್ ಅನ್ನುವ ಸಂಗ್ರಾಹಕರು ರೈಟರ್‌ಗಳು ಕ್ಯಾನ್ವಾಸ್ ಮೇಲೆ ಬರೆಯಲಿ ಅಂತ ಒಂದು ಸ್ಟುಡಿಯೋ ಮಾಡಿಕೊಟ್ಟರು. ಅದನ್ನು ನಡೆಸಿದವರಲ್ಲಿ ಫ್ಯೂಚುರಾ ಮತ್ತು ಜೆಫರ್ ಅನ್ನುವ ಇನ್ನೊಬ್ಬ ರೈಟರ್ ಇದ್ದರು. 1981ರಲ್ಲಿ ಪಿಎಸ್1 ಕಲಾಕೇಂದ್ರದ ‘ನ್ಯೂಯಾರ್ಕ್/ನ್ಯೂ ವೇವ್’ ಪ್ರದರ್ಶನ. ಆಮೇಲೆ ಪ್ಯಾಟಿ ಆಸ್ಟರ್ ಅವರ ಫನ್ ಗ್ಯಾಲರಿ. ಪಕ್ಕದಲ್ಲಿ ಕೀತ್ ಹ್ಯಾರಿಂಗ್, ಬಾಸ್ಕಿಯಾ ಅವರಂಥ ಕಲಾವಿದರು. ಎಲ್ಲರೂ ಹೊಗಳುವವರೇ, ಎಲ್ಲರೂ ಕೊಳ್ಳುವವರೇ.

ಮೂರ್ನಾಲ್ಕು ವರ್ಷದಲ್ಲಿ ಮಾರುಕಟ್ಟೆಗೆ ಸಾಕಾಯಿತು. ಗ್ರಾಫಿಟಿ ಹಳೇದಾಯಿತು ಅಂದರು. ಫನ್ ಗ್ಯಾಲರಿ ಬಾಗಿಲು ಹಾಕಿತು. ಇವರಿಗೆ ಅಷ್ಟೊತ್ತಿಗೆ ಹೆಂಡತಿ, ಮಗು. ಏನು ಮಾಡಿದರು? ಸೈಕಲ್ ಹತ್ತಿದರು. ಮ್ಯಾನ್‌ಹ್ಯಾಟನ್ ರಸ್ತೆಗಳಲ್ಲಿ ಒಂದು ಆಫೀಸಿನಿಂದ ಇನ್ನೊಂದಕ್ಕೆ ಲಕೋಟೆ ಮುಟ್ಟಿಸುವ ಮೆಸೆಂಜರ್. ಗೋಡೆ ಮೇಲೆ ತಮ್ಮ ಚಿತ್ರ ನೇತಾಡುತ್ತಿದ್ದ ಅದೇ ಊರಲ್ಲಿ, ಬಾಗಿಲಲ್ಲಿ ನಿಂತು ಸಹಿ ಹಾಕಿಸಿಕೊಳ್ಳುವ ಕೆಲಸ. ಹೊಟ್ಟೆಪಾಡಿನ ಆ ದಿನಗಳನ್ನು ಅವರು ಮುಚ್ಚಿಟ್ಟಿಲ್ಲ.

ಆಗ ಕೈ ಹಿಡಿದವರು ಯಾರು? ಫ್ರಾನ್ಸ್‌ನ ಬಟ್ಟೆ ವಿನ್ಯಾಸಕಿ ಅನ್ಯೆಸ್ ಬಿ. ಫ್ಯೂಚುರಾ ಬರೆದ ಚಿತ್ರ ಕೊಂಡರು, ಬೆನ್ನಿಗೆ ನಿಂತರು. 1990ರ ದಶಕದಲ್ಲಿ ಲಂಡನ್ನಿನ ಜೇಮ್ಸ್ ಲವೆಲ್ ತಮ್ಮ ‘ಮೋ ವ್ಯಾಕ್ಸ್’ ರೆಕಾರ್ಡ್ ಕಂಪನಿಗೆ ಕರೆದರು. ಸ್ಟ್ಯಾಶ್ ಅನ್ನುವ ಇನ್ನೊಬ್ಬ ರೈಟರ್ ಜೊತೆ ಸೇರಿ ಫ್ಯೂಚುರಾ ಟೀ ಶರ್ಟ್ ಮಾಡಿದರು. ಇವರ್ಯಾರೂ ಗ್ಯಾಲರಿಯವರಲ್ಲ. ಗ್ಯಾಲರಿ ಕೈ ಬಿಟ್ಟಾಗ ಎತ್ತಿಕೊಂಡದ್ದು ಬಟ್ಟೆಯವರು, ಹಾಡಿನವರು, ಆಟಿಕೆಯವರು. ಅದಕ್ಕೇ ನನಗೆ ಆ ಕೆಲಸಗಳನ್ನು ಕೆಳಗಿನ ಮೆಟ್ಟಿಲು ಅಂತ ನೋಡಲು ಆಗುವುದಿಲ್ಲ. ಒಂದು ಟೀ ಶರ್ಟ್ ಕೂಡ ಊರೆಲ್ಲ ಸುತ್ತುತ್ತದೆ. ರೈಲಿನ ಹಾಗೇ ಅಲ್ವಾ?

ಹಾಡಿನಹೊದಿಕೆ:

ಲವೆಲ್ ಹೆಸರು ಬಂತಲ್ಲ, ಒಂದು ಸೇರಿಸುತ್ತೇನೆ. 1998ರ ‘ಅಂಕಲ್’ ಗುಂಪಿನ ‘ಸೈಯೆನ್ಸ್ ಫಿಕ್ಷನ್’ ಆಲ್ಬಮ್ ಹೊದಿಕೆ. ಉದ್ದ ತಲೆ, ಚೂಪು ಮುಖದ ಬೇರೆ ಲೋಕದ ಜೀವಿಗಳು. ಆ ಜೀವಿಯ ಹೆಸರು ಪಾಯಿಂಟ್‌ಮ್ಯಾನ್. ಆಮೇಲೆ ಅದು ಆಟಿಕೆಯೂ ಆಯಿತು. ಜಪಾನ್‌ನಲ್ಲಿ ಅದಕ್ಕೆ ದೊಡ್ಡ ಅಭಿಮಾನಿ ಬಳಗ ಇದೆ. ಅಲ್ಲಿನ ಫುಕುವೋಕಾದಲ್ಲಿ ‘ಫ್ಯೂಚುರಾ ಲ್ಯಾಬೊರೇಟರೀಸ್’ ಅಂತ ಅಂಗಡಿಯೇ ಇತ್ತು. ನನ್ನ ಹತ್ತಿರ ಆ ಆಲ್ಬಮ್ ಇದೆ. ಅಂಚು ಸವೆದು ಬೆಳ್ಳಗಾಗಿದೆ. ಅದನ್ನು ಯಾರಿಗೂ ಕೊಡುವುದಿಲ್ಲ.

ಕಪ್ಪುಶಾಯಿ:

ಸೈಕಲ್ ಮೆಸೆಂಜರ್ ವಿಷಯ ಗೊತ್ತಿತ್ತು. ಆದರೆ ಹೀಗೆ ಸಾಲಾಗಿ ಇಟ್ಟು ನೋಡಿರಲಿಲ್ಲ. ಗ್ಯಾಲರಿ ಬಿಟ್ಟಾಗ ಯಾರು ಹಿಡಿದರು ಅನ್ನುವುದು ಒಪ್ಪತಕ್ಕ ಮಾತು. ಹೊಟ್ಟೆಪಾಡಿಗೆ ದುಡಿದವನನ್ನು ನಾನು ಯಾವತ್ತೂ ಬೈಯುವುದಿಲ್ಲ. ಮನೆ ನಡೆಸಬೇಕಾದವನಿಗೆ ನಾನು ಯಾರು ಬುದ್ಧಿ ಹೇಳಲು?

ಆದರೂ ಒಂದು ವಿಷಯ ಬಿಟ್ಟುಕೊಡಲಾರೆ. ಟೀ ಶರ್ಟ್ ರೈಲಿನ ಹಾಗೆ ಸುತ್ತುತ್ತದೆ ಅಂದಿರಿ. ಇಲ್ಲ. ರೈಲಿನ ಮೇಲಿದ್ದದ್ದು ಉಳಿಯುತ್ತಿರಲಿಲ್ಲ. 1977ರಿಂದಲೇ ಸಾರಿಗೆಯವರು ಬೋಗಿಗಳನ್ನು ರಾಸಾಯನಿಕದಿಂದ ತೊಳೆಯುತ್ತಿದ್ದರು. ರೈಟರ್‌ಗಳ ಬಾಯಲ್ಲಿ ಅದು ‘ಬಫ್’. ರಾತ್ರಿಯಿಡೀ ಬರೆದದ್ದು ವಾರದಲ್ಲಿ ಹೋಗಬಹುದು. ಮೇಯರ್ ಎಡ್ ಕಾಚ್ ಕಾಲದಲ್ಲಿ ಯಾರ್ಡ್‌ಗಳಿಗೆ ಬೇಲಿ ಬಂತು, ನಾಯಿ ಬಂದವು. 1989ರ ಮೇ 12ರಂದು ಬರಹ ಇದ್ದ ಕೊನೆಯ ರೈಲನ್ನೂ ಓಡಾಟದಿಂದ ತೆಗೆದೆವು ಅಂತ ಘೋಷಿಸಿದರು. ಉಳಿಯುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದರಲ್ಲ, ನನಗೆ ಅದೇ ದೊಡ್ಡದು. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಬೆಲೆ ಏರಲಿ ಅಂತ ಕಾಯುವ ಶೂಗಳಲ್ಲಿ ಅದು ಇಲ್ಲ. ಅದು ಫ್ಯೂಚುರಾ ತಪ್ಪಲ್ಲ, ಕೊಳ್ಳುವವರದ್ದು. ಆದರೂ ನನಗೆ ನೋವಾಗುತ್ತದೆ.

ರೈಲುಹಳಿ:

ಉಳಿಯುವುದರ ಬಗ್ಗೆ ಹೇಳಿದಿರಿ, ಆದ್ದರಿಂದ ಇದು. ‘ಬ್ರೇಕ್’ ಬೋಗಿ ಯಾವತ್ತೋ ಹೋಯಿತು. ನಾವು ಇಷ್ಟು ಹೊತ್ತು ಮಾತಾಡುತ್ತಿರುವುದು ಒಂದು ಫೋಟೋ ಬಗ್ಗೆ. ಹಾಗಾದರೆ ಮಾರ್ಥಾ ಕೂಪರ್ ಕೂಡ ಜೊತೆಗಾರರೇ ಅಲ್ವಾ?

ಅವರು ಪತ್ರಿಕೆಯ ಕೆಲಸ ಮಾಡುತ್ತಿದ್ದವರು. ರೈಲಿಗಾಗಿ ಬ್ರಾಂಕ್ಸ್‌ನಲ್ಲಿ ಮೇಲ್ಸೇತುವೆ ಹಳಿ ಕಾಣುವ ಜಾಗಗಳಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಯಾವ ಬೋಗಿ ಯಾವಾಗ ಬರುತ್ತದೆ ಅಂತ ಯಾರೂ ಹೇಳುವವರಿಲ್ಲ. ಬಂದರೂ ಬಿಸಿಲು ಯಾವ ಕಡೆಗಿದೆಯೋ, ಚಿತ್ರ ಇರುವ ಪಕ್ಕ ಯಾವ ಕಡೆಗಿದೆಯೋ. ಬೋಗಿ ಒಂದೊಂದು 15 ಮೀಟರ್‌ಗೂ ಜಾಸ್ತಿ ಉದ್ದ, ಅದೂ ಓಡುತ್ತಿರುತ್ತದೆ. ಸಿಕ್ಕರೆ ಒಂದೆರಡು ಫ್ರೇಮ್. ಇನ್ನೊಬ್ಬ ಫೋಟೋಗ್ರಾಫರ್ ಹೆನ್ರಿ ಚಾಲ್‌ಫಂಟ್ ಅವರದ್ದು ಬೇರೆ ದಾರಿ. ಅವರು ಪ್ಲಾಟ್‌ಫಾರ್ಮ್‌ನಲ್ಲಿ ನಿಂತು, ನಿಂತ ರೈಲನ್ನು ತುಂಡು ತುಂಡಾಗಿ ತೆಗೆದು, ಆಮೇಲೆ ಜೋಡಿಸುತ್ತಿದ್ದರು. ಇವರಿಬ್ಬರು ಇಲ್ಲದಿದ್ದರೆ ಇವತ್ತು ನಾವು ಡಾಂಡಿ ಬಗ್ಗೆ, ಲೀ ಬಗ್ಗೆ, ಫ್ಯೂಚುರಾ ಬಗ್ಗೆ ಬರೀ ಬಾಯಿಮಾತು ಕೇಳಬೇಕಿತ್ತು.

ಹೊಸಕಣ್ಣು:

ನಮಸ್ಕಾರ. ನಾನು ಗ್ರಾಫಿಟಿ ಬಗ್ಗೆ ಏನೂ ಗೊತ್ತಿಲ್ಲದವಳು. ಇವತ್ತು ಇದೆಲ್ಲ ಓದಿ ‘ಬ್ರೇಕ್’ ಫೋಟೋ ಹುಡುಕಿ ನೋಡಿದೆ. ಒಂದು ಪ್ರಶ್ನೆ. ಅಕ್ಷರ ಬಿಟ್ಟು ಬರೀ ಬಣ್ಣ ಹಾಕಿದರೆ ಉಳಿದ ರೈಟರ್‌ಗಳು ಇದು ಗ್ರಾಫಿಟಿಯೇ ಅಲ್ಲ ಅನ್ನಲಿಲ್ಲವಾ? ಮತ್ತೆ, ಅವರ ಈಚಿನ ಕೆಲಸಗಳಲ್ಲಿ ಯಾವುದರಿಂದ ಶುರು ಮಾಡಲಿ? ಕಾರು, ಶೂ ನೋಡಿದರೆ ನನಗೆ ಏನೂ ಅನ್ನಿಸಲಿಲ್ಲ.

ಸೂಜಿಗೆರೆ:

ಹೊಸಕಣ್ಣು ಅವರೇ, ಬನ್ನಿ ಬನ್ನಿ. ಒಳ್ಳೆಯ ಪ್ರಶ್ನೆ.

ಬಣ್ಣದ ಮೋಡ ಮೊದಲೂ ಇತ್ತು. ಆದರೆ ಅದು ಅಕ್ಷರದ ಹಿಂದೆ ನಿಲ್ಲುತ್ತಿತ್ತು. ಅಕ್ಷರ ಎದ್ದು ಕಾಣಲಿ ಅಂತ ಹಿಂದೆ ಬಣ್ಣ ಊದುತ್ತಿದ್ದರು. ಫ್ಯೂಚುರಾ ಹಿಂದಿದ್ದದ್ದನ್ನು ಮುಂದಕ್ಕೆ ತಂದರು. ಹಾಗಾಗಿ ಬೇರೆ ರೈಟರ್‌ಗಳಿಗೆ ಅದು ಹೊರಗಿನ ಭಾಷೆ ಅನ್ನಿಸಲಿಲ್ಲ, ತಮ್ಮದೇ ಕೈಕೆಲಸ ಅಂತ ಗೊತ್ತಾಗುತ್ತಿತ್ತು. ಮೇಲಿಂದ ಕೆಳಗಿನವರೆಗೆ ಇಡೀ ಬೋಗಿ ತುಂಬಿಸುವ ಶ್ರಮ ಏನು ಅಂತ ಮಾಡಿದವನಿಗೆ ಗೊತ್ತು. ಕಲಾ ವಿಮರ್ಶಕರು ಅಮೂರ್ತ ಚಿತ್ರಕಾರ ಕ್ಯಾಂಡಿನ್‌ಸ್ಕಿ ಜೊತೆ ಹೋಲಿಸಿದ್ದಾರೆ. ನನಗೆ ಆ ಹೋಲಿಕೆ ಬೇಕಾಗಿಲ್ಲ. ಕ್ಯಾಂಡಿನ್‌ಸ್ಕಿ ಕತ್ತಲಲ್ಲಿ, ಹಳಿಗಳ ನಡುವೆ ನಿಂತು ಬರೆಯಲಿಲ್ಲ.

ಎರಡನೆಯದನ್ನು ಬಣ್ಣದಮೋಡ ಅವರು ಹೇಳಲಿ.

ಬಣ್ಣದಮೋಡ:

ಹೊಸಕಣ್ಣು ಅವರೇ, ಕಾರು ಶೂ ಬಿಡಿ. ನೊಗುಚಿ ಮ್ಯೂಸಿಯಂನಲ್ಲಿ 2020ರಲ್ಲಿ ಇಟ್ಟಿದ್ದ ‘ಫ್ಯೂಚುರಾ ಅಕಾರಿ’ ಚಿತ್ರಗಳನ್ನು ನೋಡಿ. ಆ ಮ್ಯೂಸಿಯಂ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದೆ.

ಅಕಾರಿ ಅಂದರೆ ಶಿಲ್ಪಿ ಇಸಾಮು ನೊಗುಚಿ 1951ರಿಂದ ಮಾಡಿಸಿದ ಕಾಗದದ ದೀಪಗಳು. ಜಪಾನಿನ ಗಿಫು ಊರಿನ ಕಸುಬುದಾರರು ಬಿದಿರಿನ ತೆಳ್ಳಗಿನ ಕಡ್ಡಿ ಸುತ್ತಿ, ಅದರ ಮೇಲೆ ಕಾಗದ ಅಂಟಿಸಿ ಮಾಡುವುದು. ಮಡಚಿದರೆ ತಟ್ಟೆಯ ಹಾಗಾಗುತ್ತದೆ. ಫ್ಯೂಚುರಾ ಆ ದೀಪಗಳ ಕಾಗದದ ಮೇಲೆ ಬರೆದರು. ನೊಗುಚಿ ತೀರಿಕೊಂಡದ್ದು 1988ರಲ್ಲಿ. ಅಂದರೆ ಇದು ಬದುಕಿರುವವರ ಜೊತೆ ಮಾಡಿದ ಕೆಲಸವೇ ಅಲ್ಲ.

ಎಷ್ಟು ಕಷ್ಟದ ಜಾಗ ಅಂತ ಸೂಜಿಗೆರೆ ಅವರಿಗೆ ಗೊತ್ತಾಗುತ್ತದೆ. ಕಾಗದ ಹೀರಿಕೊಳ್ಳುತ್ತದೆ, ಒರೆಸಲು ಬರುವುದಿಲ್ಲ. ಮೇಲ್ಮೈ ಸಪಾಟಿಲ್ಲ, ಕಡ್ಡಿ ಕಡ್ಡಿಗೂ ಏಳುಬೀಳು. ಜೊತೆಗೆ ಒಳಗಿನಿಂದ ಬೆಳಕು ಬರುತ್ತದೆ. ಬಣ್ಣ ದಪ್ಪ ಬಿದ್ದ ಕಡೆ ಕತ್ತಲೆ, ತೆಳ್ಳಗೆ ಬಿದ್ದ ಕಡೆ ಹೊಳಪು. ತೆಳ್ಳಗೆ ಬರೆಯಲು ಗೊತ್ತಿಲ್ಲದವರು ಅದನ್ನು ಮುಟ್ಟಿದರೆ ದೀಪ ಕೆಡುತ್ತದೆ.

ಅದಾದ ಮೇಲೆ ಬ್ರಾಂಕ್ಸ್ ಮ್ಯೂಸಿಯಂನಲ್ಲಿ 2024ರಲ್ಲಿ ಶುರುವಾದ ‘ಬ್ರೇಕಿಂಗ್ ಔಟ್’ ಪ್ರದರ್ಶನದ ಚಿತ್ರಗಳು. ಅವರ ಇಡೀ ಬದುಕಿನ ಕೆಲಸ ಒಂದೇ ಸೂರಿನಡಿ. ಹೆಸರಲ್ಲಿ ‘ಬ್ರೇಕ್’ ಇರುವುದನ್ನು ಗಮನಿಸಿ.

ಹೊಸಕಣ್ಣು:

ದೀಪಗಳನ್ನು ನೋಡಿದೆ. ಪಕ್ಕದಲ್ಲಿ ‘ಬ್ರೇಕ್’ ಫೋಟೋ ಇಟ್ಟುಕೊಂಡು ನೋಡಿದೆ. ನಲವತ್ತು ವರ್ಷದ ಅಂತರ ಇದೆ, ಕೈ ಒಂದೇ ಅಂತ ನನಗೂ ಗೊತ್ತಾಯಿತು. ಒಂದು ಕಡೆ ಮೋಡ, ಮೋಡದ ಅಂಚಿಗೆ ತೆಳ್ಳಗಿನ ಗೆರೆ.

ಕಪ್ಪುಶಾಯಿ:

ದೀಪಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ಕಾರಿನ ವಿಷಯದಲ್ಲಿ ಇನ್ನೂ ಇದೆ. ರೈಲುಹಳಿ ಅವರೇ, ಆಲಿ ಅವರ ‘ಸೋಲ್ ಆರ್ಟಿಸ್ಟ್ಸ್’ ಗುಂಪಿನ ಬಗ್ಗೆ ನಿಮಗೆ ಜಾಸ್ತಿ ಗೊತ್ತಿರುವ ಹಾಗಿದೆ. ಅದನ್ನೇ ಬೇರೆಯಾಗಿ ಬರೆಯಿರಿ. ಫ್ಯೂಚುರಾ ಬಗ್ಗೆ ಎಲ್ಲರೂ ಬರೆಯುತ್ತಾರೆ. ಸುಟ್ಟ ಮೈಯಲ್ಲಿ ಎದ್ದು ಬಂದು ಗೆಳೆಯನನ್ನು ವಾಪಸ್ ಕರೆದವನ ಬಗ್ಗೆ ನನಗೆ ಓದಬೇಕು.

ರೈಲುಹಳಿ:

ಖಂಡಿತ ಬರೆಯುತ್ತೇನೆ. ಈ ವಾರ ಸ್ವಲ್ಪ ಕೆಲಸ ಜಾಸ್ತಿ, ಮುಂದಿನ ವಾರ ಕೂರುತ್ತೇನೆ.